ಅಕ್ಕಪಕ್ಕದ ಕಾಟ: ಫೋನ್ ಮಾಡೋದಾ, ಬರೆದು ಕೊಡೋದಾ?

ರಾತ್ರಿ 11.30. ಪಕ್ಕದ ಮನೆಯ ಸ್ಪೀಕರ್ ಬಡಿತಕ್ಕೆ ನಿಮ್ಮ ಕಿಟಕಿ ಗಾಜು ಗುಂಯ್ ಅನ್ನುತ್ತಿದೆ. ಇಂಥ ಹೊತ್ತಲ್ಲಿ ದೂರು ಕೊಡೋಕೆ ಫೋನೇ ಸರಿ. ಅಧಿಕಾರಿ ಬಂದು ತನ್ನ ಕಿವಿಯಾರೆ ಕೇಳಿದರೆ ಬೇರೆ ಸಾಕ್ಷಿ ಬೇಕಾ? ಬೆಳಿಗ್ಗೆ ಬರೆದು ಕೊಡುವಷ್ಟರಲ್ಲಿ ಎಲ್ಲ ತಣ್ಣಗಾಗಿರುತ್ತದೆ. ಆದರೆ ಬಾಯಿಮಾತು ಗಾಳಿಗೆ ಹೋಗುತ್ತದೆ. ದೂರಿನ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ.

ಕಸದ ರಾಶಿ, ಆಳೆತ್ತರದ ಕಳೆ, ದಾರಿಗೆ ಅಡ್ಡ ಬಿದ್ದಿರುವ ಕೆಟ್ಟ ಕಾರು ಎಲ್ಲಿಗೂ ಓಡಿಹೋಗುವುದಿಲ್ಲ, ಅಲ್ವಾ? ಇವಕ್ಕೆ ಬರೆದ ದೂರೇ ಮೇಲು. ಫೋಟೊ ಸೇರಿಸಬಹುದು, ನಕಲು ನಿಮ್ಮ ಕೈಲಿ ಉಳಿಯುತ್ತದೆ.

ನಾಯಿ ಬೊಗಳುವ ವಿಷಯ ಮಾತ್ರ ಸ್ವಲ್ಪ ತಲೆನೋವು. ಅಧಿಕಾರಿ ಬಂದಾಗ ಅದು ಸುಮ್ನೆ ಮಲಗಿರುತ್ತದೆ! ಹಾಗಾಗಿ ಇಲ್ಲೂ ಬರಹವೇ ಗೆಲ್ಲುತ್ತದೆ. 'ಯಾವಾಗಲೂ ಬೊಗಳುತ್ತೆ' ಅಂತ ಬರೆದರೆ ಪ್ರಯೋಜನವಿಲ್ಲ. 'ಮಂಗಳವಾರ ರಾತ್ರಿ 1.10ರಿಂದ 1.50' ಅಂದರೆ ಅದರ ತೂಕವೇ ಬೇರೆ. ಎರಡು ವಾರ ಹೀಗೆ ಬರೆದಿಡಿ. ಮೊಬೈಲ್ ಆ್ಯಪ್ ತೋರಿಸುವ ಡೆಸಿಬೆಲ್, ಅಂದರೆ ಸದ್ದಿನ ಅಳತೆಯನ್ನು ಜಾಸ್ತಿ ನೆಚ್ಚಬೇಡಿ. ಫೋನಿನ ಮೈಕ್ ಅಳತೆಗೆಂದು ಮಾಡಿದ್ದಲ್ಲ. 10 ಡೆಸಿಬೆಲ್ ಏರಿದರೆ ಕಿವಿಗೆ ಸದ್ದು ಸುಮಾರು ಎರಡು ಪಟ್ಟು ಕೇಳುತ್ತದೆ, ಅಂದರೆ ಸಣ್ಣ ತಪ್ಪೂ ದೊಡ್ಡದೇ.

ನಿಂತ ನೀರಿದ್ದರೆ ಎರಡನ್ನೂ ಮಾಡಿ. ಬೆಚ್ಚಗಿನ ಹವೆಯಲ್ಲಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯಲು 7ರಿಂದ 10 ದಿನ ಸಾಕು. ಅರ್ಜಿ ಅಷ್ಟು ಬೇಗ ಮೇಜು ದಾಟುತ್ತದೆ ಅಂತ ನನಗೇನೂ ನಂಬಿಕೆಯಿಲ್ಲ.