ಬೊಗೊಟಾದಲ್ಲಿ ಮಳೆ ಬಂತೆಂದು ಸಿಕ್ಕ ಟ್ಯಾಕ್ಸಿ ಹತ್ತಬೇಡಿ

ಕೊಲಂಬಿಯಾದ ರಾಜಧಾನಿ ಬೊಗೊಟಾದಲ್ಲಿ ದಾರಿಯಲ್ಲಿ ಹೋಗುವ ಟ್ಯಾಕ್ಸಿಗೆ ಕೈ ಅಡ್ಡ ಹಿಡಿಯಬೇಡಿ. ಪ್ರವಾಸಿಗರಷ್ಟೇ ಅಲ್ಲ, ಊರಿನವರೂ ಇದರಿಂದ ಕೈಯಲ್ಲಿದ್ದುದನ್ನೆಲ್ಲ ಕಳೆದುಕೊಂಡಿದ್ದಾರೆ. ಈ ಸುಲಿಗೆಗೆ ಅಲ್ಲಿ ‘ಪಸೆಯೊ ಮಿಯೊನಾರಿಯೊ’ (ಲಕ್ಷಾಧೀಶನ ಸವಾರಿ) ಎಂದೇ ಹೆಸರಿದೆ.

ಆಗುವುದು ಹೀಗೆ: ಮಳೆ ಜೋರಾದಾಗ ಖಾಲಿ ಟ್ಯಾಕ್ಸಿ ಸಿಗುವುದೇ ಕಷ್ಟ. ಅಂತೂ ಒಂದು ಹಳದಿ ಕಾರು ನಿಲ್ಲುತ್ತದೆ, ನೆನೆದವರು ಹಿಂದೆಮುಂದೆ ನೋಡದೆ ಹತ್ತುತ್ತಾರೆ. ನಾಲ್ಕು ಬೀದಿ ದಾಟಿದ ಮೇಲೆ ಚಾಲಕ ಏನೋ ನೆಪ ಹೇಳಿ ನಿಧಾನ ಮಾಡುತ್ತಾನೆ. ಹಿಂಬಾಲಿಸುತ್ತಿದ್ದ ಗಾಡಿಯಿಂದ ಇಳಿದ ಇಬ್ಬರು ಎರಡೂ ಬಾಗಿಲಿನಿಂದ ನುಗ್ಗಿ, ಪ್ರಯಾಣಿಕರನ್ನು ನಡುವೆ ಅದುಮಿ ಕೂರುತ್ತಾರೆ. ಚಾಕು ತೋರಿಸಿ ಕಾರ್ಡ್, ಪಿನ್, ಫೋನ್ ಕಿತ್ತುಕೊಂಡು ಎಟಿಎಂನಿಂದ ಎಟಿಎಂಗೆ ಸುತ್ತುತ್ತಾರೆ. ದಿನದ ಮಿತಿ ಮುಗಿದರೆ ಮಧ್ಯರಾತ್ರಿ ದಾಟುವವರೆಗೆ ಕಾರಲ್ಲೇ ಕೂಡಿಹಾಕಿ, ತಾರೀಖು ಬದಲಾದೊಡನೆ ಮತ್ತೆ ಹಣ ತೆಗೆದದ್ದೂ ಉಂಟು.

ಟ್ಯಾಕ್ಸಿ ಬೇಕೇಬೇಕಾದರೆ ಆ್ಯಪ್‌ನಲ್ಲಿ ಕರೆಯಿರಿ, ಇಲ್ಲವೇ ಊಟದ ಹೋಟೆಲಿನವರಿಂದ ಫೋನ್ ಮಾಡಿಸಿ. ಬರುವವರೆಗೆ ಒಳಗೇ ಇರಿ. ಅಲ್ಲಿನ ಟ್ಯಾಕ್ಸಿಗಳ ಬಾಗಿಲ ಮೇಲೂ ನೋಂದಣಿ ಸಂಖ್ಯೆ ಬರೆದಿರುತ್ತದೆ. ಅದು ನಂಬರ್ ಪ್ಲೇಟಿಗೂ ಆ್ಯಪ್‌ನಲ್ಲಿ ಬಂದ ಸಂಖ್ಯೆಗೂ ತಾಳೆಯಾದರೆ ಮಾತ್ರ ಹತ್ತಿ. ಕಾರಿನಲ್ಲಿ ಮೊದಲೇ ಬೇರೆ ಯಾರಾದರೂ ಕೂತಿದ್ದರೆ ಬೇಡವೇ ಬೇಡ.

ಅದಕ್ಕಿಂತ ಒಳ್ಳೆಯದು, ಟ್ಯಾಕ್ಸಿಯೇ ಬೇಡವಾಗುವಂತೆ ದಿನವನ್ನು ಜೋಡಿಸಿಕೊಳ್ಳುವುದು. ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್ ಇಲ್ಲಿನ ಜೋರು ಮಳೆಯ ತಿಂಗಳುಗಳು. ಬೆಳಿಗ್ಗೆ ಬಿಸಿಲಿದ್ದು ಮಧ್ಯಾಹ್ನ ಸುರಿಯುವುದು ಮಾಮೂಲು. 3,152 ಮೀಟರ್ ಎತ್ತರದ ಮೊನ್ಸೆರಾತೆ ಬೆಟ್ಟವನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡರೆ ಟಿಕೆಟಿನ ದುಡ್ಡು ಮೋಡದ ಪಾಲು. ಮಳೆ ಹೊತ್ತಿಗೆ ಮ್ಯೂಸಿಯಂಗಳೇ ಸರಿ. ಕಲಾವಿದ ಬೊತೆರೊ ಹೆಸರಿನ ಮ್ಯೂಸಿಯಂ ಉಚಿತ, ಮಂಗಳವಾರ ರಜೆ. ಚಿನ್ನದ ಮ್ಯೂಸಿಯಂಗೆ ಸೋಮವಾರ ರಜೆ, ಭಾನುವಾರ ಪುಕ್ಕಟೆ. ಎರಡರ ನಡುವೆ ಹತ್ತು-ಹದಿನೈದು ನಿಮಿಷದ ನಡಿಗೆ ಅಷ್ಟೆ.

ಈ ನಡಿಗೆಯಲ್ಲೇ ದಾರಿ ತಪ್ಪುವುದು ಸುಲಭ. ಬೊಗೊಟಾದವರಿಗೆ ಪೂರ್ವದ ಬೆಟ್ಟಸಾಲೇ ದಿಕ್ಸೂಚಿ. ಮಳೆಯಲ್ಲಿ ಅದು ಮೋಡದೊಳಗೆ ಮರೆಯಾಗುತ್ತದೆ. ಆಗ ಫೋನ್ ಹೊರತೆಗೆಯುವ ಬದಲು ಮೂಲೆಮನೆಯ ಗೋಡೆಯ ಫಲಕ ನೋಡಿ. ‘ಕರೇರಾ’ (ಉತ್ತರ-ದಕ್ಷಿಣ ಬೀದಿ) ಸಂಖ್ಯೆ ಇಳಿಯುತ್ತಾ ಹೋದರೆ ನೀವು ಬೆಟ್ಟದ ಕಡೆಗೆ ಹೋಗುತ್ತಿದ್ದೀರಿ. ‘ಕಾಯೆ’ (ಪೂರ್ವ-ಪಶ್ಚಿಮ ಬೀದಿ) ಸಂಖ್ಯೆ ಏರಿದರೆ ಉತ್ತರಕ್ಕೆ. ಹಳೇ ಊರಾದ ಲಾ ಕಾಂದೆಲಾರಿಯಾದ ಇಳಿಜಾರು ಬೀದಿಗಳಲ್ಲಿ ಮಳೆನೀರು ಹರಿಯುವುದೂ ಪಶ್ಚಿಮಕ್ಕೇ. ಕರೇರಾ 3ರಿಂದ ಮೇಲೆ ಬೆಟ್ಟದ ಕಡೆಗೆ ಮಳೆಯಲ್ಲಿ ಹೋಗದಿರುವುದು ಕ್ಷೇಮ: ಜನವಿರುವುದಿಲ್ಲ, ನೆನೆದ ಕಲ್ಲುಹಾಸು ಜಾರುತ್ತದೆ, ಓಡಲೂ ಆಗದು.

ವಾಪಸಾಗಲು ಚಿನ್ನದ ಮ್ಯೂಸಿಯಂ ಪಕ್ಕದಲ್ಲೇ ‘ಮುಸೆಯೊ ದೆಲ್ ಓರೊ’ ಟ್ರಾನ್ಸ್‌ಮಿಲೆನಿಯೊ ಬಸ್ ನಿಲ್ದಾಣವಿದೆ. 2025ರಲ್ಲಿ ಟಿಕೆಟ್ 3,200 ಪೆಸೊ ಇತ್ತು. ಬಸ್ಸಿನಲ್ಲಿ ನಗದು ನಡೆಯದು, ‘ತುಯಾವೆ’ ಕಾರ್ಡ್ ಬೆಳಿಗ್ಗೆಯೇ ಕೊಂಡು ವಾಪಸಾಗುವಷ್ಟು ದುಡ್ಡು ತುಂಬಿಸಿಡಿ. ಮಳೆಯಲ್ಲಿ ನೂಕುನುಗ್ಗಲು ವಿಪರೀತ. ಬಾಗಿಲು ಮುಚ್ಚುವ ಕ್ಷಣದಲ್ಲಿ ಫೋನ್ ಎಳೆದು ಇಳಿದುಬಿಡುತ್ತಾರೆ. ಬಾಗಿಲಿನಿಂದ ದೂರ ನಿಂತು ಚೀಲವನ್ನು ಎದೆಗೆ ಹಾಕಿಕೊಳ್ಳಿ.

ಹೊರಡುವ ಮುಂಚೆ ಒಂದು ಕೆಲಸ. ಭಾರತದ ಕಾರ್ಡುಗಳಲ್ಲಿ ವಿದೇಶಿ ಬಳಕೆಯನ್ನು ಬ್ಯಾಂಕಿನ ಆ್ಯಪ್‌ನಿಂದಲೇ ಆನ್-ಆಫ್ ಮಾಡಬಹುದು, ದಿನದ ಮಿತಿ ಇಳಿಸಬಹುದು. ಜೇಬಿನಲ್ಲಿ ಒಂದೇ ಕಾರ್ಡ್ ಇರಲಿ, ಅದರ ಎಟಿಎಂ ಮಿತಿ ಆ ದಿನದ ಖರ್ಚಿನಷ್ಟೇ ಇರಲಿ. ಉಳಿದ ಕಾರ್ಡ್ ಮತ್ತು ಪಾಸ್‌ಪೋರ್ಟ್ ಕೋಣೆಯಲ್ಲಿ ಬೀಗ ಹಾಕಿಡಿ. ಬ್ಯಾಂಕಿನ ಸಂಖ್ಯೆಯನ್ನು ಕಾಗದದಲ್ಲಿ ಬರೆದು ಅಲ್ಲೇ ಇಡಿ, ಏಕೆಂದರೆ ಮೊದಲು ಹೋಗುವುದೇ ಫೋನ್.

ಇಷ್ಟಾಗಿಯೂ ಸಿಕ್ಕಿಬಿದ್ದರೆ ಎದುರು ಬೀಳಬೇಡಿ, ಮುಖ ದಿಟ್ಟಿಸಬೇಡಿ, ಕೇಳಿದ್ದು ಕೊಡಿ, ಪಿನ್ ಸುಳ್ಳು ಹೇಳಬೇಡಿ. ಬಿಟ್ಟ ಮೇಲೆ ದೀಪವಿರುವ ಅಂಗಡಿಗೆ ಹೋಗಿ ಅವರ ಫೋನಿನಿಂದ 123ಕ್ಕೆ ಕರೆ ಮಾಡಿಸಿ, ಆಮೇಲೆ ಕಾರ್ಡ್ ಬ್ಲಾಕ್ ಮಾಡಿಸಿ.