ಸೆಕೆಂಡ್ ಹ್ಯಾಂಡ್ ಕಾರಿನ ರೀಕಾಲ್ ಮೆಸೇಜ್ ಯಾರಿಗೆ ಹೋಗುತ್ತೆ? 5 ವರ್ಷದ ಅನುಭವ

ಇದು ಕಾರಿನ ರಿವ್ಯೂ ಅಲ್ಲ, ರೀಕಾಲ್ ಅಂದ್ರೆ ಕಾರಲ್ಲಿ ದೋಷ ಇದೆ ಅಂತ ಕಂಪನಿಯೇ ವಾಪಸ್ ಕರೆಸಿ ಫ್ರೀಯಾಗಿ ಸರಿ ಮಾಡ್ಕೊಡೋದು, ಅದನ್ನ ನಮಗೆ ಹೇಗೆ ತಿಳಿಸುತ್ತೆ ಅನ್ನೋದರ ರಿವ್ಯೂ. 5 ವರ್ಷದ ಹಿಂದೆ ಹಾಸನದ ಒಬ್ರು ರಿಟೈರ್ಡ್ ಮೇಷ್ಟ್ರ ಹತ್ರ ಪೆಟ್ರೋಲ್ ಹ್ಯಾಚ್‌ಬ್ಯಾಕ್ ತಗೊಂಡೆ, ಆರ್‌ಸಿ ನನ್ನ ಹೆಸರಿಗಾಯ್ತು, ಇನ್ಶೂರೆನ್ಸೂ ಆಯ್ತು, ಆದ್ರೆ ಕಂಪನಿ ರೆಕಾರ್ಡಲ್ಲಿ ಮೇಷ್ಟ್ರ ನಂಬರೇ ಉಳ್ಕೊಂಡಿತ್ತು, ಅದನ್ನೂ ಬದಲಾಯಿಸ್ಬೇಕು ಅಂತ ಯಾರೂ ಹೇಳಲಿಲ್ಲ.

ಒಂದಿನ ಶಿರಾಡಿ ಘಾಟ್ ಹತ್ತುವಾಗ ಕಾರು ಜರ್ಕ್ ಹೊಡೆದು ಆಫ್ ಆಯ್ತು. ಪಕ್ಕದಲ್ಲಿ ಅಮ್ಮ, ಹಿಂದೆ ಲೋಡ್ ಲಾರಿ. ಸ್ಟಿಯರಿಂಗ್ ಕಲ್ಲಿನ ಥರ ಗಟ್ಟಿ ಆಗೋಯ್ತು, ಹೇಗೋ ಎಡಕ್ಕೆ ಎಳೆದು ಹ್ಯಾಂಡ್‌ಬ್ರೇಕ್ ಹಾಕ್ದೆ. ಸಕಲೇಶಪುರದ ಮೆಕ್ಯಾನಿಕ್ "ಸರ್, ಈ ಮಾಡೆಲ್‌ಗೆ ಫ್ಯೂಯೆಲ್ ಪಂಪ್ ಫ್ರೀಯಾಗಿ ಹಾಕ್ಕೊಡ್ತಿದಾರಲ್ಲ, ಮೆಸೇಜ್ ಬಂದಿಲ್ವಾ?" ಅಂದಾಗ್ಲೇ ನನಗೆ ಗೊತ್ತಾಗಿದ್ದು. ಮೇಷ್ಟ್ರಿಗೆ ಫೋನ್ ಮಾಡಿದೆ, ಪಾಪ ಎಂಟು ತಿಂಗಳ ಹಿಂದಿನ ಮೆಸೇಜ್ ಹುಡುಕಿ ಕಳಿಸಿದ್ರು. "ಸರ್ವಿಸ್ ಕ್ಯಾಂಪೇನ್, ಹತ್ತಿರದ ವರ್ಕ್‌ಶಾಪ್‌ಗೆ ಬನ್ನಿ" ಅಂತ ಅಷ್ಟೇ. ರೀಕಾಲ್ ಅನ್ನೋ ಪದ ಇಲ್ಲ, ಓಡ್ತಿರುವಾಗ್ಲೇ ಎಂಜಿನ್ ನಿಂತುಹೋಗ್ಬಹುದು ಅನ್ನೋ ಮಾತಿಲ್ಲ. ಹಬ್ಬದ ಆಫರ್ ಅಂದ್ಕೊಂಡು ಬಿಟ್ಟಿದ್ರು, ಅದು ಅವರ ತಪ್ಪು ಅಂತ ನಾನು ಹೇಳಲ್ಲ.

ನ್ಯೂಜೆರ್ಸಿಲಿರೋ ನಮ್ಮ ಭಾವ ಅವರಿಗೆ ಬಂದ ರೀಕಾಲ್ ಕವರ್ ಫೋಟೋ ಕಳಿಸಿದ್ರು, ಮೇಲ್ಗಡೆನೇ ದಪ್ಪಕ್ಷರದಲ್ಲಿ ಇದು ಸೇಫ್ಟಿ ರೀಕಾಲ್ ಅಂತ ಲೇಬಲ್. ಅಲ್ಲಿ ಅದು ಕಾನೂನು, ಕಂಪನಿ ಪೋಸ್ಟಲ್ಲೇ ಪತ್ರ ಕಳಿಸ್ಬೇಕು. ನಮ್ಮಲ್ಲೂ 2019ರ ಮೋಟಾರು ವಾಹನ ತಿದ್ದುಪಡಿಲಿ ರೀಕಾಲ್‌ಗೆ ಜಾಗ ಕೊಟ್ಟಿದಾರೆ, 2021ರ ಏಪ್ರಿಲ್‌ನಿಂದ ನಿಯಮ ಜಾರಿಲಿದೆ, 7 ವರ್ಷದ ಒಳಗಿನ ಗಾಡಿಗಳಿಗೆ ಸರ್ಕಾರವೇ ಕಡ್ಡಾಯ ರೀಕಾಲ್ ಆದೇಶ ಮಾಡ್ಬಹುದು. ಆದ್ರೆ ಸುದ್ದಿ ಈಗಿನ ಓನರ್‌ಗೆ ತಲುಪದಿದ್ರೆ ಆದೇಶ ಇಟ್ಕೊಂಡು ಏನ್ಮಾಡೋದು?

ಇನ್ನು ಒಳ್ಳೇದೂ ಹೇಳ್ತೀನಿ. ಕಂಪನಿ ಸೈಟಲ್ಲಿ ಚಾಸಿಸ್ ನಂಬರ್ ಹಾಕಿ ನೋಡೋ ಪೇಜ್ ಇದೆ, ಅದು ನಿಜವಾಗ್ಲೂ ಚೆನ್ನಾಗಿದೆ, ಯಾಕಂದ್ರೆ ಅದು ಓನರ್ ಯಾರು ಅಂತ ಕೇಳಲ್ಲ, ಗಾಡಿ ಯಾವುದು ಅಂತ ಮಾತ್ರ ಕೇಳುತ್ತೆ. ಆರ್‌ಸಿಲಿರೋ 17 ಅಕ್ಷರ-ಅಂಕಿ ಹಾಗೇ ಟೈಪ್ ಮಾಡಿ. ನಾನು ಸೊನ್ನೆ ಬದಲು ಇಂಗ್ಲಿಷ್ ಓ ಹಾಕಿ ಎರಡು ಸಲ ಎರರ್ ತಗೊಂಡೆ, ಆ ನಂಬರಲ್ಲಿ ಓ, ಐ, ಕ್ಯೂ ಅಕ್ಷರ ಇರೋದೇ ಇಲ್ಲ. ಮೂರನೇ ಸಲಕ್ಕೆ ಪಂಪ್ ಬದಲಾವಣೆ ಬಾಕಿ ಅಂತ ಬಂತು. ಪಾರ್ಟ್‌ಗೆ 12 ದಿನ ಕಾದೆ, ಕೆಲಸ ಎರಡು ಗಂಟೇಲಿ ಮುಗೀತು, ಒಂದು ರೂಪಾಯಿನೂ ತಗೊಳ್ಲಿಲ್ಲ. ಹಿಂದಿನ ಸೀಟ್ ಎತ್ತಿದ ತಕ್ಷಣ ಪೆಟ್ರೋಲ್ ವಾಸನೆ ಗಪ್ ಅಂತ ಹೊಡೀತು, ಹಳೇ ಪಂಪ್ ನನ್ನ ಕೈಗೇ ಕೊಟ್ಟು ತೋರಿಸಿದ್ರು, ಒಂದು ಅಂಗೈಲಿ ಹಿಡಿಸೋಷ್ಟು ಸಾಮಾನು.

ಅವತ್ತೇ ರೆಕಾರ್ಡಲ್ಲಿ ನನ್ನ ನಂಬರ್ ಹಾಕಿಸ್ದೆ. ಆಮೇಲೆ ಇನ್ನೊಂದು ಸಣ್ಣ ರೀಕಾಲ್ ಬಂದಾಗ ವಾರದೊಳಗೆ ಫೋನೇ ಬಂತು. ಆದ್ರೂ ವರ್ಷಕ್ಕೆ ಎರಡು ಸಲ ನಾನೇ ಚೆಕ್ ಮಾಡ್ತೀನಿ, ಜಪಾನಿನ ಟಕಾಟಾ ಕಂಪನಿಯ ಏರ್‌ಬ್ಯಾಗ್ ಕಥೆ ಓದಿದ್ಮೇಲೆ ಸುಮ್ನಿರಕ್ಕಾಗಲ್ಲ, ಅದರ ಒಳಗಿನ ರಾಸಾಯನಿಕ ಸೆಕೆ, ತೇವಕ್ಕೆ ವರ್ಷಾನುಗಟ್ಟಲೆ ಕೆಡ್ತಾ ಬಂದು ಏರ್‌ಬ್ಯಾಗ್ ತೆರೆಯುವಾಗ ಲೋಹದ ಚೂರು ಸಿಡೀತಿತ್ತು, ನಾವಿರೋದು ಮಂಗಳೂರಲ್ಲಿ.

ಚೆಕ್ ಮಾಡೋ ಪೇಜ್‌ಗೆ 5ಕ್ಕೆ 4, ಮೆಸೇಜ್ ಕಳಿಸೋ ವ್ಯವಸ್ಥೆಗೆ 1. ಮೇಷ್ಟ್ರಿಗೂ ಈಗಿನ ಅವರ ಕಾರಿನ ನಂಬರ್ ಹಾಕಿ ನೋಡ್ಕೊಟ್ಟೆ, ಏನೂ ಬಾಕಿ ಇರಲಿಲ್ಲ.