ಗರ್ಭನಿರೋಧಕ ಮಾತ್ರೆ ನುಂಗುವವಳಿಗೂ ಓವ್ಯುಲೇಶನ್ ತೋರಿಸಿದ ಆ್ಯಪ್: 5ಕ್ಕೆ 2 ಸ್ಟಾರ್

ಆ್ಯಪ್‌ನ ಹೆಸರು ಬೇಡ ಬಿಡಿ. ಓಡುವ ಹೆಂಗಸರಿಗೆಂದೇ ಮಾಡಿದ್ದು, ತಿಂಗಳಿಗೆ 299 ರೂಪಾಯಿ. ಮುಟ್ಟಿನ ತಾರೀಕು ಹಾಕಿದರೆ ಯಾವ ದಿನ ಜೋರಾಗಿ ಓಡಬೇಕು, ಯಾವ ದಿನ ಸುಮ್ನೆ ನಡೆದರೆ ಸಾಕು ಅಂತ ಅದೇ ಹೇಳುತ್ತದೆ. ಒಂಬತ್ತು ತಿಂಗಳು ಬಳಸಿದ್ದೇನೆ.

ನಾನು ಮೈಸೂರಿನವಳು. ವಾರದಲ್ಲಿ ನಾಲ್ಕು ದಿನ ಕುಕ್ಕರಹಳ್ಳಿ ಕೆರೆ ಸುತ್ತ ಓಟ, ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು. ಮೊದಲ ಮೂರು ತಿಂಗಳು ಆ್ಯಪ್ ಇಷ್ಟವಾಯಿತು. ಓವ್ಯುಲೇಶನ್, ಅಂದರೆ ಅಂಡ ಬಿಡುಗಡೆ, ಆದ ಮೇಲೆ ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನ್ ಏರುತ್ತದೆ, ಅದರ ಜೊತೆ ಮೈಯ ಬಿಸಿಯೂ ಅರ್ಧ ಡಿಗ್ರಿ ಸೆಲ್ಸಿಯಸ್‌ವರೆಗೆ ಏರಬಹುದು ಅಂತ ತಿಳಿದದ್ದು ಇದರಿಂದಲೇ. ಡೇಟಿಗೆ ಮುಂಚಿನ ವಾರ ಅದೇ ವೇಗಕ್ಕೆ ಜಾಸ್ತಿ ಬೆವರುತ್ತಿದ್ದೆ. ಕಾರಣ ಸಿಕ್ಕ ಹಾಗಾಯಿತು.

ನಾಲ್ಕನೇ ತಿಂಗಳು ರಕ್ತಸ್ರಾವ ವಿಪರೀತವಾಗಿ ಡಾಕ್ಟರ್ ಗರ್ಭನಿರೋಧಕ ಮಾತ್ರೆ ಬರೆದುಕೊಟ್ಟರು. ಮೆಡಿಕಲ್ ಶಾಪಿನವರು ಅದನ್ನು ಪೇಪರಲ್ಲಿ ಸುತ್ತಿ, ಕಪ್ಪು ಕವರಿಗೆ ಹಾಕಿ, ಅತ್ತಿತ್ತ ನೋಡಿ ಕೊಟ್ಟರು. ಏನೋ ಕಳ್ಳಮಾಲು ಅನ್ನೋ ಹಾಗೆ! 21 ಹಾರ್ಮೋನ್ ಮಾತ್ರೆ, ಆಮೇಲೆ 7 ಕಬ್ಬಿಣದ್ದು. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಮಾಲಾ-ಎನ್‌ನದ್ದೂ ಇದೇ ಲೆಕ್ಕ.

ಆ್ಯಪ್‌ನಲ್ಲಿ 'ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ' ಅಂತ ಟಿಕ್ ಮಾಡಿದೆ. ರಾತ್ರಿ ಒಂಬತ್ತಕ್ಕೆ ಮಾತ್ರೆ ನೆನಪಿಸಲು ಶುರು ಮಾಡಿತು, ಅಷ್ಟೇ. ಉಳಿದದ್ದೆಲ್ಲ ಹಳೇ ರಾಗ. 14ನೇ ದಿನ ಬಂತು ನೋಡಿ: 'ಇವತ್ತು ಓವ್ಯುಲೇಶನ್! ಶಕ್ತಿ ತುಂಬಿದ ದಿನ, ಜೋರಾಗಿ ಓಡಿ!' ಅಲ್ಲ ಸ್ವಾಮೀ, ಓವ್ಯುಲೇಶನ್ ಆಗದಿರಲಿ ಅಂತಲೇ ಅಲ್ವಾ ಆ ಮಾತ್ರೆ ಇರುವುದು? ದೇಹದ ಸ್ವಂತ ಹಾರ್ಮೋನಿನ ಏರಿಳಿತವನ್ನೇ ಅದು ಅಡಗಿಸುತ್ತದೆ. ಇಲ್ಲದ ಏರಿಳಿತಕ್ಕೆ ಓಟದ ಪಟ್ಟಿ ಹಾಕಿಕೊಡಲು 299 ರೂಪಾಯಿ.

ಇದಕ್ಕೆ ನಕ್ಕು ಸುಮ್ಮನಾಗಬಹುದಿತ್ತು. ಸಿಟ್ಟು ಬಂದದ್ದು ಆಮೇಲೆ. ತೂಕ ಇಳಿಸಲು ರಾತ್ರಿ ಊಟ ಬಿಟ್ಟಿದ್ದೆ. ನಾಲ್ಕು ಕೆಜಿ ಇಳಿದೆ. ಮೆಟ್ಟಿಲು ಹತ್ತುವಾಗ ನಂದಿ ಬರುವ ಮೊದಲೇ ಕಾಲು ಸೋಲುತ್ತಿತ್ತು. ಆ್ಯಪ್ ಮಾತ್ರ ಪ್ರತಿ ತಿಂಗಳು ಹಸಿರು ಟಿಕ್ ಹಾಕುತ್ತಿತ್ತು: 'ಮುಟ್ಟು ಸರಿಯಾಗಿ ಬರುತ್ತಿದೆ, ಆಹಾರ ಸಾಕಾಗುತ್ತಿದೆ.' ಓಟಕ್ಕೆ ತಕ್ಕಷ್ಟು ತಿನ್ನದಿದ್ದರೆ ಮುಟ್ಟು ಏರುಪೇರಾಗಬಹುದು, ನಿಂತೂ ಹೋಗಬಹುದು. ಮೂಳೆಗೆ ಪೆಟ್ಟು ಬೀಳುವ ಮೊದಲು ಅದೊಂದು ಎಚ್ಚರಿಕೆ. ಮಾತ್ರೆ ನುಂಗುವವರಿಗೆ ಈ ಎಚ್ಚರಿಕೆ ಕಾಣುವುದಿಲ್ಲ. ಕಬ್ಬಿಣದ ಮಾತ್ರೆಯ ವಾರ ಬರುವ ರಕ್ತ, ಹಾರ್ಮೋನ್ ಮಾತ್ರೆ ನಿಲ್ಲಿಸಿದ್ದಕ್ಕೆ ಬರುವಂಥದ್ದು. ಹೊಟ್ಟೆಗೆ ಸಾಲದಿದ್ದರೂ ಅದು ತಾರೀಕು ತಪ್ಪದೆ ಬರಬಹುದು. ಇದನ್ನು ಬಿಡಿಸಿ ಹೇಳಿದ್ದು ಡಾಕ್ಟರ್.

ಮಾತ್ರೆಯಿಂದ ಓಟ ನಿಧಾನವಾಯಿತಾ ಅಂತ ಗೆಳತಿಯರು ಕೇಳುತ್ತಾರೆ. ನನ್ನ 10 ಕಿಲೋಮೀಟರ್ ಮೊದಲೂ 61 ನಿಮಿಷ, ಊಟ ಸರಿ ಮಾಡಿದ ಮೇಲೆ ಈಗಲೂ 61ರ ಆಸುಪಾಸು. 2020ರಲ್ಲಿ ಸಂಶೋಧಕರು ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ, ಮಾತ್ರೆಯಿಂದ ಆಗುವ ವ್ಯತ್ಯಾಸ ಸರಾಸರಿಯಲ್ಲಿ ತೀರಾ ಸಣ್ಣದು ಅಂತಲೇ ಕಂಡಿತು. ಒಬ್ಬೊಬ್ಬರಿಗೆ ಒಂದೊಂದು ಥರ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಒಂದೇ ಕೆಜಿಯಿಂದ ಪದಕ ತಪ್ಪಿದಾಗ ವೇಟ್‌ಲಿಫ್ಟರ್ ಮೀರಾಬಾಯಿ ಚಾನು, ಅವತ್ತು ಮುಟ್ಟಿನ ಮೂರನೇ ದಿನ ಅಂತ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅಂಥವರಿಗೆ ಕೂದಲೆಳೆಯೂ ಲೆಕ್ಕ. ನನಗೆ ಹಿಂದಿನ ರಾತ್ರಿ ಪಕ್ಕದ ಛತ್ರದ ವಾಲಗವೇ ಜಾಸ್ತಿ ತೊಂದರೆ.

ಎರಡು ಸ್ಟಾರ್ ಯಾಕೆ? ಮೊದಲ ಮೂರು ತಿಂಗಳಿಗೆ ಒಂದು, ರಾತ್ರಿ ಒಂಬತ್ತರ ಗಂಟೆಗೆ ಇನ್ನೊಂದು. ಮಾತ್ರೆ ತೆಗೆದುಕೊಳ್ಳದವರು ಬೇಕಾದರೆ ಒಂದು ತಿಂಗಳು ನೋಡಿ. ನಾನು ದುಡ್ಡು ಕಟ್ಟುವುದು ನಿಲ್ಲಿಸಿದೆ. 40 ರೂಪಾಯಿಯ ನೋಟ್‌ಬುಕ್ಕಿನಲ್ಲಿ ಮಾತ್ರೆ, ನಿದ್ದೆ, ಕಿಲೋಮೀಟರ್ ಅಂತ ಗೆರೆ ಎಳೆದಿದ್ದೇನೆ. ಕೊನೆಯ ಗೆರೆ ರಾತ್ರಿ ಊಟದ್ದು.